ಬೂದಿದಿಬ್ಬದ ಪಕ್ಕದ ಹೊಲದಲ್ಲಿ ಸಿಕ್ಕ ಕರಿಕಲ್ಲು: ಇದು ಕೊಡಲಿಯೇ? ಆ ಬೂದಿ ಯಾವುದು?

ಹಗರಿ ದಂಡೆ:
ಬಳ್ಳಾರಿ ಜಿಲ್ಲೆಯ ಒಂದು ಊರು. ಊರಿನ ಹೆಸರು ಬೇಕೆಂದೇ ಹಾಕಿಲ್ಲ. ಊರಾಚೆ ಒಂದು ಬೂದಿದಿಬ್ಬ ಇದೆ. ಅದರ ಬುಡದಿಂದ ನಲವತ್ತು ಹೆಜ್ಜೆ ದೂರದ ಹೊಲದಲ್ಲಿ ಕುಂಟೆಗೆ ತಗಲಿ ಮೇಲೆ ಬಂದ ಕಲ್ಲು ಇದು. ಬಣ್ಣ ಕಪ್ಪು. ಉದ್ದ 14 ಸೆಂ.ಮೀ., ಅಗಲ ಹೆಚ್ಚಿರುವಲ್ಲಿ 6, ದಪ್ಪ 4. ಒಂದು ತುದಿ ಮೊನಚು. ಇನ್ನೊಂದು ತುದಿ ಬಿಲ್ಲಿನ ಹಾಗೆ ಬಾಗಿ ತೆಳ್ಳಗಾಗಿದೆ. ಆ ತೆಳು ತುದಿಯಿಂದ ಎರಡು ಬೆರಳಗಲ ಬೆರಳು ಜಾರುವಷ್ಟು ನುಣುಪು, ಉಳಿದ ಮೈಯೆಲ್ಲ ತರಿತರಿ. ಊರಲ್ಲಿ ಹಿರಿಯರು ಸಿಡಿಲಕಲ್ಲು ಅಂತಾರೆ. ತೂಕ ಅಡುಗೆಮನೆ ತಕ್ಕಡಿಯಲ್ಲಿ 510 ಗ್ರಾಂ.
ಕೇಳಬೇಕಿರುವುದು ಮೂರು. ಇದು ಮನುಷ್ಯರು ಮಾಡಿದ್ದೋ, ನೀರಲ್ಲಿ ಉರುಳಿ ಆದದ್ದೋ? ದಿಬ್ಬದ ಬೂದಿ ಎಲ್ಲಿಂದ ಬಂತು? ಒಬ್ಬರು ರಾಕ್ಷಸನ ಚಿತೆ ಅಂತಾರೆ, ಇನ್ನೊಬ್ಬರು ಜ್ವಾಲಾಮುಖಿ ಅಂತಾರೆ. ಮೂರನೆಯದು, ದಿಬ್ಬದ ಒಂದು ಮಗ್ಗುಲಿನಿಂದ ಟ್ರ್ಯಾಕ್ಟರಿನಲ್ಲಿ ಬೂದಿ ಹೊಲಕ್ಕೆ ಹೋಗುತ್ತಿದೆ. ಅಲ್ಲಿ ಆಳೆತ್ತರದ ಕಡಿದ ಗೋಡೆ ಬಯಲಾಗಿದೆ. ಅದರಲ್ಲಿ ಏನನ್ನು ನೋಡಬೇಕು?

ಚಕ್ಕೆಕಲ್ಲು:
ಕೊಡಲಿ. ನೀವು ಬರೆದ ಒಂದೇ ಸಾಲು ಸಾಕು: ಬಾಯಿ ನುಣುಪು, ಮೈ ತರಿ. ಹೊಳೆಯಲ್ಲಿ ಉರುಳಿದ ಕಲ್ಲು ಎಲ್ಲ ಕಡೆ ಒಂದೇ ಸಮ ಸವೆಯುತ್ತದೆ, ಮೂಲೆಗಳು ಮೊದಲು ಸವೆಯುತ್ತವೆ. ತೆಳು ಅಂಚನ್ನು ಉಳಿಸಿಕೊಂಡು, ಆ ಅಂಚನ್ನು ಮಾತ್ರ ಹೊಳಪಿಸಿ, ಮೈಯನ್ನು ತರಿಯಾಗಿ ಬಿಡುವ ಹೊಳೆ ಇಲ್ಲ.
ಖಾತ್ರಿಗೆ ಇನ್ನೂ ಎರಡು ನೋಡಿ. ಕಲ್ಲನ್ನು ಬಾಯಿ ಕಡೆಯಿಂದ ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ಅಂಚಿನ ಗೆರೆ ದಪ್ಪದ ನಟ್ಟನಡುವೆ ಬಂದರೆ ಕೊಡಲಿ. ಒಂದು ಮಗ್ಗುಲು ಚಪ್ಪಟೆಯಾಗಿ, ಇನ್ನೊಂದು ಮಗ್ಗುಲಿನಿಂದ ಮಾತ್ರ ಇಳಿಜಾರು ಬಂದಿದ್ದರೆ ಅದು ಬಾಚಿ. ಬಡಗಿಯ ಬಾಚಿಯಂತೆ ಕಾವಿಗೆ, ಅಂದರೆ ಮರದ ಹಿಡಿಗೆ, ಅಡ್ಡಲಾಗಿ ಕಟ್ಟಿ ಮರ ಕೆತ್ತುವಂಥದ್ದು. ಆಮೇಲೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಲ್ಲಿ ನುಣುಪು ಜಾಗವನ್ನು ತಿರುಗಿಸಿ ನೋಡಿ. ಮಸೆದ ಕೊಡಲಿಯಲ್ಲಿ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಗುಂಪುಗುಂಪಾಗಿ ಕಾಣುತ್ತವೆ. ಕೆಲಸದಲ್ಲಿ ಮುಕ್ಕಾದ ಕಡೆ ಅಂಚಿನಲ್ಲಿ ಅರ್ಧಚಂದ್ರಾಕಾರದ ಸಣ್ಣ ಚಕ್ಕೆ ಎದ್ದಿರುತ್ತದೆ. ಒಂದು ಸಲ ಮುಕ್ಕಾಗಿ ಮತ್ತೆ ಮಸೆದಿದ್ದರೆ ಆ ಅರ್ಧಚಂದ್ರದ ತಳ ಉಳಿದು ಮೇಲಂಚು ನುಣುಪಾಗಿರುತ್ತದೆ. ಇದು ಕಂಡರೆ ಕೊಡಲಿ ಒಂದಲ್ಲ, ಹಲವು ಸಲ ಸಾಣೆ ಕಂಡಿದೆ ಎಂದರ್ಥ.
ಮೊನಚು ತುದಿ ಆಯುಧವಲ್ಲ. ಅದು ಕಾವಿನೊಳಗೆ ಹೋಗುವ ಭಾಗ. ಕಲ್ಲಿಗೆ ತೂತಿಲ್ಲ, ಮರದ ಕಾವಿಗೆ ತೂತು. ಹೊಡೆದಷ್ಟೂ ಮೊನೆ ಬಿಗಿಯಾಗಿ ಕೂರುತ್ತದೆ. ಬಳ್ಳಾರಿ, ರಾಯಚೂರು ಸೀಮೆಯ ನವಶಿಲಾಯುಗದ ಕೊಡಲಿಗೆ ಈ ತ್ರಿಕೋನದ ಆಕಾರವೇ ಗುರುತು.
ದಯವಿಟ್ಟು ಸೋಪು, ತೆಂಗಿನ ನಾರು, ಆ್ಯಸಿಡ್, ಎಣ್ಣೆ ಏನೂ ಬೇಡ. ಬಾಯಿಯ ಸಂದಿಯಲ್ಲಿ ಹಿಡಿದ ಮಣ್ಣನ್ನೂ ಕೆರೆಯಬೇಡಿ.

ಬೆಣಚು:
ಕಲ್ಲಿನ ಜಾತಿಯನ್ನು ಮನೆಯಲ್ಲೇ ಮುಕ್ಕಾಲು ಪಾಲು ಗುರುತಿಸಬಹುದು. ನೀರಲ್ಲಿ ಮುಳುಗಿಸಿ ತೂಗಿದರೆ ಸಾಕು, ಬರಿ ನೀರಾದ್ದರಿಂದ ಕೊಡಲಿಗೆ ಅಪಾಯವಿಲ್ಲ. ಆದರೆ ಮೇಲೆ ಹೇಳಿದ ಹಾಗೆ ಬಾಯಿಯ ಮಣ್ಣು ಉಳಿಯಬೇಕು, ಹಾಗಾಗಿ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹಿಂಡಿ ಬಿಗಿಯಾಗಿ ಸುತ್ತಿ ಮಾಡಿ. ತಕ್ಕಡಿಯ ಮೇಲೆ ಅರ್ಧ ನೀರಿರುವ ಪಾತ್ರೆ ಇಟ್ಟು ಸೊನ್ನೆಗೆ ತನ್ನಿ. ಕಲ್ಲನ್ನು ದಾರದಲ್ಲಿ ತೂಗಿಬಿಟ್ಟು ಪೂರ್ತಿ ಮುಳುಗಿಸಿ. ತಳಕ್ಕೂ ಗೋಡೆಗೂ ತಾಗಬಾರದು. ಆಗ ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ಕಲ್ಲಿನ ಗಾತ್ರ ಅಷ್ಟು ಘನ ಸೆಂ.ಮೀ. 510ನ್ನು ಅದರಿಂದ ಭಾಗಿಸಿ. 2.9ರಿಂದ 3.1ರ ಒಳಗೆ ಬಂದರೆ ಡಾಲರೈಟ್ ಎಂಬ ಗಟ್ಟಿ ಕರಿಕಲ್ಲು. 2.65ರ ಹತ್ತಿರ ಬಂದರೆ ಗ್ರಾನೈಟ್ ಇಲ್ಲವೇ ಬೆಣಚುಕಲ್ಲಿನ ಜಾತಿ. ತಪ್ಪಾಗುವುದು ಎರಡು ಕಡೆ: ಕಲ್ಲು ತಳಕ್ಕೆ ತಾಗಿದರೆ ಅಂಕಿ ಹೆಚ್ಚು ಬರುತ್ತದೆ, ಚೀಲದಲ್ಲಿ ಗಾಳಿ ಉಳಿದರೆ ಗಾತ್ರ ಹೆಚ್ಚಾಗಿ ಉತ್ತರ ಕಡಿಮೆ ಬರುತ್ತದೆ.

ಹಗರಿ ದಂಡೆ:
ಮೂರು ಸಲ ಮಾಡಿದೆ. 170, 171, 170. ಅಂದರೆ 3.0.

ಬೆಣಚು:
ಡಾಲರೈಟ್. ಬಳ್ಳಾರಿ ಊರಿನ ಸುತ್ತಲ ಗುಡ್ಡಗಳು ಹೆಚ್ಚಾಗಿ ಗ್ರಾನೈಟಿನವು. ಅವುಗಳ ನಡುವೆ ಕರಿಗೋಡೆಯ ಹಾಗೆ ಸಾಲಾಗಿ ಏರಿ ಹೋಗುವ ಬಂಡೆಗಳಿವೆಯಲ್ಲ, ಅವು ಡಾಲರೈಟ್ ಡೈಕುಗಳು. ಗ್ರಾನೈಟಿನ ಬಿರುಕಿಗೆ ನುಗ್ಗಿದ ಕರಗಿದ ಶಿಲೆ ಅಲ್ಲೇ ಆರಿ ಗಟ್ಟಿಯಾದದ್ದು. ಹರಳುಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಏಟಿಗೆ ಪುಡಿಯಾಗುವುದಿಲ್ಲ. ಡೈಕಿನ ಅಂಚು ಬೇಗ ಆರಿದ್ದರಿಂದ ಅಲ್ಲಿ ಹರಳು ಸಣ್ಣ, ನಡುವೆ ದಪ್ಪ. ಕೊಡಲಿಗೆ ಸಣ್ಣ ಹರಳಿನ ಕಲ್ಲೇ ಬೇಕು. ದಪ್ಪ ಹರಳಿನದರಲ್ಲಿ ಚಕ್ಕೆ ನೇರವಾಗಿ ಓಡುವುದಿಲ್ಲ.

ಚಕ್ಕೆಕಲ್ಲು:
ಇಲ್ಲಿಂದ ಮುಂದೆ ಸಂಗನಕಲ್ಲಿನ ಮಾತು ಬರಲೇಬೇಕು. ಬಳ್ಳಾರಿ ಊರಿಗೆ ಅಂಟಿಕೊಂಡಂತಿರುವ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳಲ್ಲಿ ಕೊಡಲಿ ಮಾಡುವ ಜಾಗವಿತ್ತೆಂದು ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಗುರುತಿಸಿದ್ದರು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಆಯುಧ ಗುರುತಿಸಿದ ಭೂವಿಜ್ಞಾನಿ ಇವರೇ. ಆಮೇಲೆ 1940ರ ದಶಕದಲ್ಲಿ ಬಿ. ಸುಬ್ಬರಾವ್, 1960ರ ದಶಕದಲ್ಲಿ ಅನ್ಸಾರಿ ಮತ್ತು ಎಂ.ಎಸ್. ನಾಗರಾಜರಾವ್ ಅಲ್ಲಿ ಅಗೆದರು. ರವಿ ಕೋರಿಶೆಟ್ಟರ್, ನಿಕೋಲ್ ಬೋಯಿವಿನ್, ಡೋರಿಯನ್ ಫುಲ್ಲರ್ ಅವರ ತಂಡ ಅಲ್ಲಿಯ ಗುಡ್ಡಗಳಲ್ಲಿ ಒಂದಾದ ಹಿರೇಗುಡ್ಡದ ಮೇಲಿನ ಕೊಡಲಿ ಕಾರ್ಖಾನೆಯನ್ನು ಪದರಪದರವಾಗಿ ನೋಡಿತು. ಅಲ್ಲಿ ಕೆಲಸ ಜೋರಾಗಿ ನಡೆದದ್ದು ಸುಮಾರು ಕ್ರಿ.ಪೂ. 1400ರಿಂದ 1200ರ ನಡುವೆ.
ಕೆಲಸದ ಕ್ರಮ ಹೀಗೆ. ಡೈಕಿನಲ್ಲಿ ಸಹಜ ಬಿರುಕು ಇರುವಲ್ಲಿಂದ ಗಡ್ಡೆ ಬಿಡಿಸುವುದು ಮೊದಲು. ಬಿಸಿಲು ಮಳೆಗೆ ತುಕ್ಕು ಹಿಡಿದ ಹಾಗೆ ಕಂದಾದ ಹೊರಸಿಪ್ಪೆ ಕೆಲಸಕ್ಕೆ ಬರುವುದಿಲ್ಲ, ಅದನ್ನು ಒಡೆದು ಎಸೆಯಬೇಕು. ಗಡ್ಡೆಯನ್ನು ಬಡಿಗಲ್ಲಿನಿಂದ ತಟ್ಟಿದರೆ ಗಂಟೆಯ ನಾದ ಬರಬೇಕು. ಸದ್ದು ಮಂಕಾದರೆ ಒಳಗೆ ಬಿರುಕಿದೆ, ಅರ್ಧ ಕೆಲಸವಾದ ಮೇಲೆ ಅದು ಎರಡು ತುಂಡಾಗುತ್ತದೆ.
ಆಮೇಲೆ ಚಕ್ಕೆ ಎಬ್ಬಿಸುವುದು. ಅಂಚಿನ ಕೋನ 90 ಡಿಗ್ರಿಗಿಂತ ಕಡಿಮೆ ಇರುವ ಕಡೆ ಹೊಡೆಯಬೇಕು. ಒಂದು ಮುಖದಿಂದ ಚಕ್ಕೆ ಎಬ್ಬಿಸಿ, ಕಲ್ಲನ್ನು ಮಗುಚಿ, ಆ ಚಕ್ಕೆಯ ಗುಳಿಯ ಮೇಲೆಯೇ ಹೊಡೆದು ಇನ್ನೊಂದು ಮುಖದ ಚಕ್ಕೆ ಎಬ್ಬಿಸುತ್ತಾರೆ. ಅಂಚು ಹಾವಿನ ನಡಿಗೆಯ ಹಾಗೆ ಅಂಕುಡೊಂಕಾಗುತ್ತದೆ. ಚಕ್ಕೆಗಳು ನಡುಬೆನ್ನಿನವರೆಗೆ ಓಡಿದರೆ ಮಾತ್ರ ದಪ್ಪ ಇಳಿಯುತ್ತದೆ. ಕೈ ತಪ್ಪುವುದು ಇಲ್ಲೇ. ಏಟಿನ ಬಲ ಸಾಲದಿದ್ದರೆ ಚಕ್ಕೆ ಅರ್ಧದಲ್ಲಿ ಮೆಟ್ಟಿಲಿನಂತೆ ಮುರಿದು ನಿಲ್ಲುತ್ತದೆ. ಅದೇ ಜಾಗಕ್ಕೆ ಮತ್ತೆ ಹೊಡೆದರೆ ಮೆಟ್ಟಿಲ ಮೇಲೆ ಮೆಟ್ಟಿಲು ಬಿದ್ದು ನಡುವೆ ಗೂನು ಉಳಿಯುತ್ತದೆ, ಆ ಗೂನು ಕೊನೆಯವರೆಗೂ ಹೋಗದು. ಏಟು ಹೆಚ್ಚಾಗಿ ಕಲ್ಲು ಕಂಪಿಸಿದರೆ ನಟ್ಟನಡುವೆ ಅಡ್ಡಕ್ಕೆ ಮುರಿಯುತ್ತದೆ. ಕಾರ್ಖಾನೆ ಜಾಗದಲ್ಲಿ ಇಂಥ ಮುರಿದವು, ಗೂನು ಬಿದ್ದವು, ಚಕ್ಕೆಗಳ ರಾಶಿ ಸಿಗುತ್ತವೆ. ಚೆನ್ನಾಗಿ ಬಂದವು ಬೇರೆ ಊರುಗಳಿಗೆ ಹೋಗಿಬಿಟ್ಟಿರುತ್ತವೆ. ನಿಮ್ಮದು ಹಾಗೆ ಹೋದವುಗಳಲ್ಲಿ ಒಂದಿರಬಹುದು.
ಮೂರನೆಯದು ಕುಟ್ಟುವುದು. ಬೀಸುಕಲ್ಲು ಸವೆದಾಗ ಕುಟ್ಟಿ ತರಿ ಮಾಡುವ ಹಾಗೆಯೇ. ಸಣ್ಣ ಗುಂಡುಕಲ್ಲಿನಿಂದ ಒಂದೇ ಸಮ ಕುಟ್ಟುತ್ತ ಚಕ್ಕೆಗಳ ನಡುವಿನ ಏಣುಗಳನ್ನು ಪುಡಿ ಮಾಡಿ ಮೈಯನ್ನು ಉರುಟಾಗಿಸುತ್ತಾರೆ. ನಿಮ್ಮ ಕಲ್ಲಿನ ತರಿ ಇದೇ. ಅದನ್ನು ಅರ್ಧಕ್ಕೆ ಬಿಟ್ಟ ಕೆಲಸ ಅಂದುಕೊಳ್ಳಬೇಡಿ. ಕಾವಿನೊಳಗೆ ಕೂರುವ ಭಾಗ ತರಿಯಿದ್ದರೆ ಜಾರುವುದಿಲ್ಲ.
ಕೊನೆಗೆ ಮಸೆಯುವುದು. ಗ್ರಾನೈಟ್ ಬಂಡೆಯ ಮೇಲೆ ನೀರು, ಬೆಣಚು ಮರಳು ಹಾಕಿ ಹಿಂದಕ್ಕೂ ಮುಂದಕ್ಕೂ ಉಜ್ಜುವುದು. ಡಾಲರೈಟಿಗಿಂತ ಬೆಣಚು ಗಟ್ಟಿಯಾದ್ದರಿಂದ ಸವೆತ ಆಗುತ್ತದೆ. ನೀರು ನಿಂತರೆ ಕಲ್ಲಿನ ಹಿಟ್ಟು ಮೆತ್ತಿಕೊಂಡು ಮರಳು ಕಚ್ಚುವುದೇ ಇಲ್ಲ, ಆಗಾಗ ತೊಳೆಯುತ್ತಿರಬೇಕು. ಇಡೀ ಕೆಲಸದಲ್ಲಿ ಹೊತ್ತು ತಿನ್ನುವುದು ಇದೇ. ಬಾಯಿಯನ್ನಷ್ಟೇ ಮಸೆದು ಬಿಟ್ಟಿದ್ದಕ್ಕೆ ಅದೇ ಕಾರಣ.

ಹಗರಿ ದಂಡೆ:
ಊರ ಗುಡ್ಡದ ಬಂಡೆಯ ಮೇಲೆ ಉದ್ದುದ್ದ ಗುಳಿಗಳಿವೆ. ಮಸೆದದ್ದು ಇಲ್ಲೇ ಇರಬಹುದೆ?

ಚಕ್ಕೆಕಲ್ಲು:
ಆಕಾರ ನೋಡಿ. ದೋಣಿಯ ಹಾಗೆ ಉದ್ದ, ಕಿರಿದು, ಅಡ್ಡಕ್ಕೆ ನೋಡಿದರೆ ಇಂಗ್ಲಿಷ್ ವಿ ಅಥವಾ ಯು ಆಕಾರ, ಒಳಗೆ ಅಂಗೈಗೆ ರೇಷ್ಮೆಯ ನುಣುಪು: ಅದು ಕೊಡಲಿ ಮಸೆದ ಗುಳಿ. ಅಗಲವಾಗಿ ತಟ್ಟೆಯಂತೆ ತಗ್ಗಿದ್ದರೆ ಕಾಳು ಅರೆದದ್ದು. ದುಂಡಗೆ, ಆಳವಾಗಿ, ತಳ ತರಿಯಾಗಿದ್ದರೆ ಕುಟ್ಟಿದ ಒರಳು. ಈ ಕೊನೆಯದು ಮೊನ್ನೆ ಮೊನ್ನೆಯವರೆಗೂ ಬಳಕೆಯಲ್ಲಿದ್ದದ್ದೂ ಇರಬಹುದು, ಹಾಗಾಗಿ ಅದೊಂದರಿಂದಲೇ ಕಾಲ ಹೇಳಬಾರದು.

ಬೂದಿಪದರ:
ಈಗ ಬೂದಿಗೆ ಬರೋಣ.
ರಾಕ್ಷಸನ ಕತೆ ಹಳೆಯದು, ಅದನ್ನು ಹಗುರವಾಗಿ ತೆಗೆದುಹಾಕಬಾರದು. ಹಂಪಿಯ ಹತ್ತಿರ ನಿಂಬಾಪುರದ ಬೂದಿಯನ್ನು ವಾಲಿಯ ಚಿತೆಯ ಬೂದಿ ಎಂದು ಜನ ಇಂದಿಗೂ ತೋರಿಸುತ್ತಾರೆ. ಇದು ಮನೆಯೊಲೆಯ ಬೂದಿಯಲ್ಲ, ಯಾವುದೋ ದೊಡ್ಡ ಬೆಂಕಿಯದು ಎಂದು ಜನ ಕಂಡುಕೊಂಡದ್ದು ಸರಿಯೇ ಇತ್ತು. ಬ್ರಿಟಿಷ್ ಅಧಿಕಾರಿ ನ್ಯೂಬೋಲ್ಡ್ 1843ರಲ್ಲಿ ಈ ದಿಬ್ಬಗಳ ಬಗ್ಗೆ ಲೇಖನವನ್ನೇ ಬರೆದ. ಆಗ ಜ್ವಾಲಾಮುಖಿ, ಸಾಮೂಹಿಕ ದಹನ, ಕಬ್ಬಿಣದ ಕುಲುಮೆ, ಇಟ್ಟಿಗೆ ಗೂಡು ಹೀಗೆ ಊಹೆಗಳು ಓಡಾಡಿದವು. ಸಗಣಿ ಎಂದು ಫೂಟ್ ಹೇಳಿದರು. 1960ರಲ್ಲಿ ಟ್ಸಾಯ್ನರ್ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಅದನ್ನು ಗಟ್ಟಿ ಮಾಡಿದರು. ಸುಟ್ಟ ದನದ ಸಗಣಿ. ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ, ಪಕ್ಕದ ತೆಲಂಗಾಣ, ಆಂಧ್ರ ಸೇರಿ ಇಂಥ ದಿಬ್ಬಗಳು ನೂರಕ್ಕೂ ಹೆಚ್ಚು. ಕಾಲ ಸುಮಾರು ಕ್ರಿ.ಪೂ. 3000ದಿಂದ 1200ರವರೆಗೆ.
ನೀವೇ ನೋಡಬಹುದಾದ ಗುರುತುಗಳು ಹೇಳುತ್ತೇನೆ. ದಿಬ್ಬದಲ್ಲಿ ಎರಡು ಬಗೆ ಸಿಗುತ್ತದೆ. ಒಂದು ಮೆತ್ತನೆಯ ಬಿಳಿ-ಬೂದು ಪುಡಿ, ತೆಳ್ಳಗೆ ಎಲೆ ಎಲೆಯಾಗಿ ಪದರ ಕಟ್ಟಿರುವುದು. ಇನ್ನೊಂದು ಗಾಜು ಕರಗಿ ನೊರೆಯೆದ್ದ ಹಾಗೆ ತೂತುತೂತಾದ ಗಟ್ಟಿ ಕಿಟ್ಟ. ಎರಡನೆಯದೇ ಜನರನ್ನು ಜ್ವಾಲಾಮುಖಿಯ ಕಡೆಗೆ ಎಳೆಯುವುದು. ಅದು ಆಗುವುದು ಹೀಗೆ: ಹುಲ್ಲಿನ ಜೀವಕೋಶಗಳ ಒಳಗೆ ಸಿಲಿಕಾ ಕಣಗಳು ಕಟ್ಟಿರುತ್ತವೆ, ಇವಕ್ಕೆ ಫೈಟೋಲಿತ್ ಎನ್ನುತ್ತಾರೆ. ದನ ಹುಲ್ಲು ಮೇಯ್ದರೆ ಇವು ಜೀರ್ಣವಾಗದೆ ಸಗಣಿಯಲ್ಲಿ ಬರುತ್ತವೆ. ಬರಿಯ ಸಿಲಿಕಾ ಕರಗಲು 1,700 ಡಿಗ್ರಿ ಬೇಕು. ಆದರೆ ಸಗಣಿಯಲ್ಲೇ ಇರುವ ಪೊಟ್ಯಾಶ್ ಮತ್ತಿತರ ಕ್ಷಾರಗಳು ಬೆರೆತರೆ ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಗೆ ಅದು ಗಾಜಾಗುತ್ತದೆ. ಕುಳ್ಳಿನ ಒಲೆಯಲ್ಲಿ ಆ ಬಿಸಿ ಬರುವುದಿಲ್ಲ. ಆಳೆತ್ತರದ ಒಣ ಸಗಣಿಯ ರಾಶಿಗೆ ಗಾಳಿ ಸಿಕ್ಕು ಗಂಟೆಗಟ್ಟಲೆ, ದಿನಗಟ್ಟಲೆ ಉರಿದರೆ ಬರುತ್ತದೆ.
ಕಬ್ಬಿಣದ ಕಿಟ್ಟದಿಂದ ಬೇರ್ಪಡಿಸುವುದು ಸುಲಭ. ಅದು ಕೈಗೆ ಭಾರ, ತುಕ್ಕಿನ ಬಣ್ಣ, ಅಯಸ್ಕಾಂತ ಹಿಡಿಯುತ್ತದೆ ಇಲ್ಲವೇ ತುಸುವಾದರೂ ಎಳೆಯುತ್ತದೆ. ಬೂದಿದಿಬ್ಬದ ಕಿಟ್ಟ ಹಗುರ, ಬೂದು ಅಥವಾ ಹಸಿರು ಛಾಯೆ, ಅಯಸ್ಕಾಂತಕ್ಕೆ ಬಗ್ಗದು. ಸುಣ್ಣದ ಗೂಡಿನ ಕಸವಾದರೆ ಅರೆಬೆಂದ ಸುಣ್ಣಕಲ್ಲಿನ ತುಂಡು ಇರಬೇಕು, ಪದರ ಇರುವುದಿಲ್ಲ. ನಿಂಬೆರಸ ಹಾಕಿ ನೊರೆ ಬಂತು, ಹಾಗಾಗಿ ಸುಣ್ಣ ಎನ್ನುವವರಿದ್ದಾರೆ. ಸಗಣಿ ಬೂದಿಯಲ್ಲೂ ಸುಣ್ಣದಂಶ ಇರುವುದರಿಂದ ಅದೂ ನೊರೆಯುತ್ತದೆ. ಆ ಪರೀಕ್ಷೆಯಿಂದ ಏನೂ ತೀರ್ಮಾನವಾಗದು.

ಬೆಣಚು:
ಜ್ವಾಲಾಮುಖಿ ಬೂದಿ ನಮ್ಮ ಪಕ್ಕದಲ್ಲೇ ಇರುವುದೂ ನಿಜ, ಗೊಂದಲಕ್ಕೆ ಅದೂ ಕಾರಣ. ಆಂಧ್ರದ ಜ್ವಾಲಾಪುರಂನಲ್ಲಿ ಸುಮಾತ್ರಾದ ತೋಬಾ ಜ್ವಾಲಾಮುಖಿ ಸುಮಾರು 74,000 ವರ್ಷದ ಹಿಂದೆ ಉಗುಳಿದ ಬೂದಿ ದಪ್ಪ ಪದರವಾಗಿ ಕೂತಿದೆ. ಪಾತ್ರೆ ತೊಳೆಯುವ ಪುಡಿಗೆಂದು ಅದನ್ನು ತೋಡಿದ್ದರಿಂದಲೇ ಪದರ ಬಯಲಾಯಿತು. ಅದರ ಮೇಲೂ ಕೆಳಗೂ ಕಲ್ಲಿನ ಆಯುಧಗಳು ಸಿಕ್ಕಿವೆ. ಆದರೆ ಅದು ಕಣಿವೆಯ ತಗ್ಗಿನಲ್ಲಿ ಹಾಸಿಕೊಂಡಿರುವ ಬೂದಿ, ದಿಬ್ಬ ಕಟ್ಟುವುದಿಲ್ಲ. ಅದರಲ್ಲಿ ದನದ ಮೂಳೆ, ಮಡಕೆ ಚೂರು ಇರುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಒಡೆದ ಗುಳ್ಳೆಯ ಗೋಡೆಯಂಥ ಗಾಜಿನ ಚೂರು ಕಾಣುತ್ತದೆ, ಹುಲ್ಲಿನ ಫೈಟೋಲಿತ್ ಅಲ್ಲ.

ಬೂದಿಪದರ:
ಹೌದು. ಸೂಕ್ಷ್ಮದರ್ಶಕದ ಮಾತು ಬಂದದ್ದಕ್ಕೆ ಇನ್ನೊಂದು. ಮೆಲುಕು ಹಾಕುವ ಪ್ರಾಣಿಗಳ ಕರುಳಲ್ಲಿ ಸುಣ್ಣದ ಪುಟ್ಟ ಗೋಲಿಗಳು ಹುಟ್ಟುತ್ತವೆ, ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ಅವು ಬೂದಿಯಲ್ಲಿ ಉಳಿದಿದ್ದರೆ ಸಗಣಿ ಅಥವಾ ಹಿಕ್ಕೆ ಖಚಿತ. ಬಿಸಿ 700 ಡಿಗ್ರಿ ದಾಟಿದರೆ ನಾಶವಾಗುತ್ತವೆ. ಹಾಗಾಗಿ ಗಾಜಾದ ಕಿಟ್ಟದಲ್ಲಿ ಹುಡುಕಿ ಸಿಗಲಿಲ್ಲ ಎಂದು ಸಗಣಿಯಲ್ಲ ಎನ್ನಬಾರದು. ಮೆತ್ತನೆಯ ಪದರದ ಬೂದಿಯನ್ನೇ ನೋಡಬೇಕು.

ಕಿಚ್ಚು ಹಾಯ್:
ಪ್ರಶ್ನೆ ಇದೆ. ಗೊಬ್ಬರವಾಗುವ ಸಗಣಿಯನ್ನು ಸುಟ್ಟದ್ದೇಕೆ? ಮಂಡ್ಯ, ಮೈಸೂರು ಕಡೆ ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುತ್ತೇವೆ. ಅದರ ಬೇರು ಇಲ್ಲೇ ಇದೆಯೆ?

ಬೂದಿಪದರ:
ಇದೇ ದೊಡ್ಡ ವಾದ, ಇನ್ನೂ ಮುಗಿದಿಲ್ಲ. ರೇಮಂಡ್ ಆಲ್ಚಿನ್ 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಬೂದಿಯ ಕೆಳಗೆ ಕಂಬ ನೆಟ್ಟ ಕುಳಿಗಳ ಸಾಲು, ದನಗಳ ಗೊರಸಿನ ಗುರುತು ಸಿಕ್ಕವು. ಅದು ದನದ ದೊಡ್ಡಿ. ದೊಡ್ಡಿ ಸುಟ್ಟದ್ದು, ಮತ್ತೆ ಕಟ್ಟಿದ್ದು, ಮತ್ತೆ ಸುಟ್ಟದ್ದು ಪದರಗಳಲ್ಲಿ ಕಾಣುತ್ತದೆ. ಋತು ಬದಲಾಗುವಾಗ ಹಬ್ಬದ ಬೆಂಕಿ ಹಾಕುತ್ತಿದ್ದರು ಎಂದು ಆಲ್ಚಿನ್ ವಾದಿಸಿದರು. ನೀವು ಹೇಳಿದ ಕಿಚ್ಚು ಹಾಯಿಸುವಂಥ ಆಚರಣೆಗಳನ್ನೇ ಹೋಲಿಕೆಗೆ ತಂದರು.
ಕೆ. ಪದ್ದಯ್ಯ ಸುರಪುರ ಸೀಮೆಯ ಬೂದಿಹಾಳದಲ್ಲಿ ಹಲವು ವರ್ಷ ಅಗೆದು ಬೇರೆ ಮಾತು ಹೇಳಿದರು. ಅಲ್ಲಿ ದಿಬ್ಬದ ಪಕ್ಕದಲ್ಲೇ ಜನ ನೆಲೆನಿಂತಿದ್ದರು: ಮನೆಗಳ ಗುರುತು, ಚರ್ಟ್ ಕಲ್ಲಿನ ಅಲಗು ಮಾಡುವ ಜಾಗ, ದನ ಕಡಿದು ಮಾಂಸ ಬಿಡಿಸುವ ನೆಲ. ದೊಡ್ಡಿಯ ಸಗಣಿಯನ್ನು ಒಂದು ಕಡೆ ತಿಪ್ಪೆ ಹಾಕಿ, ನೊಣ, ಉಣ್ಣೆ, ರೋಗ ಹೆಚ್ಚದಂತೆ ಆಗಾಗ ಸುಡುತ್ತಿದ್ದರು ಎಂಬುದು ಅವರ ವಿವರಣೆ.
ನನಗೆ ಅನಿಸುವುದು ಇಷ್ಟು. ಮೆತ್ತನೆಯ ಎಲೆಪದರಗಳು ಪದ್ದಯ್ಯನವರ ಮಾತಿಗೆ ಹೊಂದುತ್ತವೆ, ಅದು ದಿನನಿತ್ಯದ ಬೆಂಕಿ. ಗಾಜಾದ ದಪ್ಪ ಪದರಗಳಿಗೆ ಅಷ್ಟು ಸಾಲದು. ಅಷ್ಟು ಸಗಣಿಯನ್ನು ವರ್ಷಗಟ್ಟಲೆ ಕೂಡಿಟ್ಟು ಒಂದೇ ಸಲ ಹಚ್ಚಿದವರಿಗೆ ಆ ಬೆಂಕಿ ರಾತ್ರಿ ಹರದಾರಿ ದೂರಕ್ಕೂ ಕಾಣಬೇಕೆಂಬ ಉದ್ದೇಶ ಇದ್ದಿರಬೇಕು. ಇಂದಿನ ಸಂಕ್ರಾಂತಿಗೆ ನೇರ ಗೆರೆ ಎಳೆಯಲು ಮಾತ್ರ ನಡುವಿನ 3,000 ವರ್ಷದ ಸಾಕ್ಷಿ ಬೇಕು. ಹೋಲಿಕೆ ಇದೆ, ಅಷ್ಟನ್ನೇ ಹೇಳೋಣ.
ಗೊಬ್ಬರದ ಬಗ್ಗೆ ಕೊರಲೆಕಾಳು ಅವರು ಹೇಳಲಿ.

ಕೊರಲೆಕಾಳು:
ಬೇಸಾಯ ಇತ್ತು, ಆದರೆ ಇಂದಿನ ಹಾಗೆ ಹೊಲಕ್ಕೆಲ್ಲ ಗೊಬ್ಬರ ಹೊತ್ತು ಹಾಕುವ ಬೇಸಾಯವಾಗಿತ್ತು ಎನ್ನಲು ಇಷ್ಟೊಂದು ಸಗಣಿ ಬೂದಿಯಾದದ್ದೇ ಅಡ್ಡ ಬರುತ್ತದೆ. ಫುಲ್ಲರ್ ಮತ್ತು ಕೋರಿಶೆಟ್ಟರ್ ತಂಡ ಸಂಗನಕಲ್ಲು ಮೊದಲಾದ ಕಡೆ ಸುಟ್ಟ ಕಾಳುಗಳನ್ನು ತೇಲಿಸಿ ತೆಗೆದಾಗ ಮತ್ತೆ ಮತ್ತೆ ಸಿಕ್ಕವು ನಾಲ್ಕು: ಕೊರಲೆ, ನವಣೆಯ ಹತ್ತಿರದ ಬಂಧುವಾದ ಬಟ್ಟೆಗೆ ಅಂಟುವ ಒಂದು ಹುಲ್ಲು, ಹುರುಳಿ, ಹೆಸರು. ಆ ಹುಲ್ಲು ಇಂದು ಕಳೆ. ಕೊರಲೆ ಮಾತ್ರ ತುಮಕೂರು, ಚಿತ್ರದುರ್ಗದ ಕಡೆ ಇಂದಿಗೂ ಹೊಲದಲ್ಲಿದೆ. ಗೋಧಿ, ಬಾರ್ಲಿ ಆಮೇಲೆ ಉತ್ತರದಿಂದ ಸ್ವಲ್ಪ ಸ್ವಲ್ಪ ಬಂದವು. ಬೂದಿದಿಬ್ಬದವರು ರಾಗಿ ಮುದ್ದೆ, ಜೋಳದ ರೊಟ್ಟಿ ತಿಂದರು ಎಂದು ಬರೆಯುವವರನ್ನು ನಂಬಬೇಡಿ. ಎರಡೂ ಆಫ್ರಿಕಾದಿಂದ ಬಂದ ಬೆಳೆ, ನಮ್ಮ ಮುಖ್ಯ ಆಹಾರವಾದದ್ದು ಬಹಳ ಆಮೇಲೆ.
ತೇಲಿಸುವುದು ಹೇಗೆಂದು ಕೇಳುವವರಿಗೆ: ಪದರದ ಗುರುತು ಬರೆದ ಚೀಲದಲ್ಲಿ 20 ಲೀಟರಿನಷ್ಟು ಮಣ್ಣು. ಬಕೆಟ್ಟಿನಲ್ಲಿ ನೀರು ತುಂಬಿ ಮಣ್ಣನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟು ಕೈಯಿಂದ ಮೆಲ್ಲಗೆ ಕದಡಬೇಕು. ಇದ್ದಿಲು, ಸುಟ್ಟ ಕಾಳು ತೇಲುತ್ತವೆ. ತೇಲಿದ್ದನ್ನು ಕಾಲು ಮಿಲಿಮೀಟರ್ ಕಣ್ಣಿನ ಬಟ್ಟೆಯ ಜಾಲರಿಗೆ ಬಗ್ಗಿಸಬೇಕು. ಕೊರಲೆ ಕಾಳು ಎರಡು ಮಿಲಿಮೀಟರೂ ಇಲ್ಲ, ಹಿಟ್ಟಿನ ಜರಡಿಯಲ್ಲಿ ಅದರ ಚೂರುಗಳು ಸೋರಿಹೋಗುತ್ತವೆ. ಒಣಗಿಸುವುದು ನೆರಳಲ್ಲಿ. ಬಿಸಿಲಿಗಿಟ್ಟರೆ ಇದ್ದಿಲು ಬಿರಿದು ಪುಡಿಯಾಗುತ್ತದೆ. ಇದನ್ನು ಉತ್ಖನನದ ಅನುಮತಿ ಇರುವ ತಂಡ ಮಾತ್ರ ಮಾಡಬೇಕು. ಮನೆಯಲ್ಲಿ ಮಾಡಿದರೆ ಪದರದ ಲೆಕ್ಕ ತಪ್ಪಿ, ಕಾಳು ಸಿಕ್ಕರೂ ಕಾಲ ತಿಳಿಯದು.

ಮೂಳೆಗೂಡು:
ದನಗಳ ಬಗ್ಗೆ. ಈ ನೆಲೆಗಳ ಮೂಳೆಗಳಲ್ಲಿ ಹೆಚ್ಚಿನ ಪಾಲು ದನದ್ದು, ಆಮೇಲೆ ಕುರಿ-ಮೇಕೆ. ಕಾಡಿನದು ಸ್ವಲ್ಪ, ಕೃಷ್ಣಮೃಗ, ಜಿಂಕೆಯಂಥವು. ದನ ಹಿಣಿಲಿರುವ ನಮ್ಮ ನಾಟಿ ಜಾತಿ. ಕುಪ್ಪಗಲ್ಲಿನ ಕರಿಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ನೂರಾರು ಚಿತ್ರಗಳಲ್ಲಿ ಹಿಣಿಲು, ಉದ್ದ ಕೋಡು ಎದ್ದು ಕಾಣುತ್ತವೆ. ಕೆಲವೆಡೆ ಬಂಡೆಯನ್ನೇ ಗುಳಿ ಬೀಳುವಷ್ಟು ಕುಟ್ಟಿದ್ದಾರೆ, ಅಲ್ಲಿ ಕಲ್ಲಿನಿಂದ ತಟ್ಟಿದರೆ ಗಂಟೆಯ ದನಿ ಬರುತ್ತದೆ.
ಕೋಡು ನೋಡಿ ಇದು ಅಮೃತಮಹಲ್, ಇದು ಹಳ್ಳಿಕಾರ್ ಎಂದು ಹೇಳುವ ಉತ್ಸಾಹ ಹಲವರಿಗಿದೆ. ಬೇಡ. ಅಮೃತಮಹಲ್ ತಳಿ ಮೈಸೂರು ಅರಸರ ಕಾಲದಲ್ಲಿ ಆರಿಸಿ ಬೆಳೆಸಿದ್ದು. ಬಂಡೆಯ ಮೇಲಿನದು ಉದ್ದ ಕೋಡಿನ ನಾಟಿ ದನ, ಅಷ್ಟು ಮಾತ್ರ.
ಕಡಿದ ಗೋಡೆಯಲ್ಲಿ ಹಲ್ಲು ಕಂಡರೆ ಅದನ್ನು ಅಲ್ಲೇ ಬಿಟ್ಟು ಅರೆಯುವ ಮುಖದ ಫೋಟೊ ತೆಗೆಯಿರಿ. ದನದ ದವಡೆ ಹಲ್ಲಿನ ಮೇಲೆ ಅರ್ಧಚಂದ್ರದ ಜೋಡಿ ಗೆರೆಗಳು. ಸವೆತ ನೋಡಿ ವಯಸ್ಸು ಹೇಳಬಹುದು: ಎಳೆಯ ವಯಸ್ಸಿನವೇ ಹೆಚ್ಚಿದ್ದರೆ ಮಾಂಸಕ್ಕೆ, ಮುದಿ ಹಸು-ಎತ್ತು ಹೆಚ್ಚಿದ್ದರೆ ಹಾಲಿಗೆ, ದುಡಿಮೆಗೆ. ಇದಕ್ಕೆ ಹಲವಾರು ದವಡೆ ಬೇಕು, ಒಂದು ಹಲ್ಲಿನಿಂದ ಏನೂ ಹೇಳಲಾಗದು.

ಹಗರಿ ದಂಡೆ:
ಈ ದಿಬ್ಬದಲ್ಲಿ ಇನ್ನೂ ಹಳೆಯ, ಈಗ ಅಳಿದುಹೋದ ಪ್ರಾಣಿಗಳ ಮೂಳೆ ಇರಬಹುದೆ?

ಮೂಳೆಗೂಡು:
ಇಲ್ಲ. ದಿಬ್ಬದ ಆಯುಸ್ಸು ಹೆಚ್ಚೆಂದರೆ 5,000 ವರ್ಷ. ಅಳಿದುಹೋದ ಪ್ರಾಣಿಗಳು ನದಿ, ಹಳ್ಳಗಳ ಹಳೆಯ ಮೆಕ್ಕಲಿನಲ್ಲಿ ಸಿಗುತ್ತವೆ. ಗೋಕಾಕ ಸೀಮೆಯಲ್ಲಿ ಫೂಟ್‌ಗೆ ಖಡ್ಗಮೃಗದ ಮೂಳೆಗಳು ಸಿಕ್ಕವು. 1874ರಲ್ಲಿ ಅದನ್ನು ರೈನೋಸೆರಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟು ಪ್ರಕಟಿಸಿದರು. ಬೆಳಗಾವಿಯ ಬಯಲಲ್ಲಿ ಖಡ್ಗಮೃಗ ಮೇಯುತ್ತಿದ್ದಾಗ ಅಲ್ಲಿ ಹುಲ್ಲೂ ನೀರೂ ಎಷ್ಟಿದ್ದಿರಬೇಕು ಯೋಚಿಸಿ. ಹುಣಸಗಿ ಕಣಿವೆಯ ಇಸಾಂಪುರ ಇನ್ನೂ ಹಿಂದಕ್ಕೆ ಹೋಗುತ್ತದೆ. ಅಲ್ಲಿ ಸುಣ್ಣಕಲ್ಲಿನ ಹಾಸುಬಂಡೆ ಎಬ್ಬಿಸಿ ಕೈಗೊಡಲಿ ಮಾಡಿದ ಜಾಗವನ್ನೇ ಪದ್ದಯ್ಯ ಅಗೆದರು. ಅಲ್ಲಿ ಸಿಕ್ಕ ಮೇಯುವ ಪ್ರಾಣಿಯ ಹಲ್ಲಿನ ದಂತಕವಚದ ಕಾಲ ನೋಡಿದಾಗ ಸುಮಾರು 12 ಲಕ್ಷ ವರ್ಷ ಬಂತು. ಆ ಕೈಗೊಡಲಿಗೂ ನಿಮ್ಮ ಕೊಡಲಿಗೂ ಹೆಸರಷ್ಟೇ ಒಂದು. ಅದಕ್ಕೆ ಕಾವಿಲ್ಲ, ಮಸೆತವಿಲ್ಲ, ಅದನ್ನು ಮಾಡಿದವರು ನಮ್ಮ ಜಾತಿಯ ಮನುಷ್ಯರೂ ಅಲ್ಲ.

ಬೂದಿಪದರ:
ಮೂರನೇ ಪ್ರಶ್ನೆ ಉಳಿದಿದೆ, ಅದೇ ತುರ್ತು. ಬೂದಿಯನ್ನು ಗೊಬ್ಬರಕ್ಕೆ, ರಸ್ತೆಗೆ ಒಯ್ದು ಎಷ್ಟೋ ದಿಬ್ಬ ಹೋಗಿವೆ. ಬಳ್ಳಾರಿ-ಹೊಸಪೇಟೆ ದಾರಿಯ ಕುಡತಿನಿ ದಿಬ್ಬ ದೊಡ್ಡದಾದ್ದರಿಂದ ಇನ್ನೂ ಕಣ್ಣಿಗೆ ಬೀಳುತ್ತದೆ. ಸಣ್ಣವು ಎರಡು ಬೇಸಿಗೆಗೆ ನೆಲಸಮ. ಕೊಡಲಿ ಒಂದೇ ಕೈಗೆ ಬಂದರೆ ಅದು ಕಪಾಟಿನ ವಸ್ತು. ಅದರ ಜೊತೆಗೆ ನಲವತ್ತು ಹೆಜ್ಜೆಯ ದೂರ, ಬೂದಿಯ ಪದರ, ಗೊರಸಿನ ಗುರುತು, ಬಂಡೆಯ ಗುಳಿ ಇದ್ದರೆ ಮಾತ್ರ ಆ ಊರಲ್ಲಿ ಜನ ಬದುಕಿದ ರೀತಿ ತಿಳಿಯುತ್ತದೆ.
ಕಡಿದ ಗೋಡೆಯನ್ನು ಕೆರೆದು ಚೊಕ್ಕಟ ಮಾಡಬೇಡಿ. ಬೆಳಿಗ್ಗೆ ನೆರಳಿರುವ ಹೊತ್ತಿನಲ್ಲಿ ಎದುರು ನಿಂತು, ಒಂದು ಮೀಟರ್ ಪಟ್ಟಿ ಆನಿಸಿ, ಎಡದಿಂದ ಬಲಕ್ಕೆ ಒಂದು ಫೋಟೊ ಮುಂದಿನದರ ಮೇಲೆ ಮೂರನೇ ಒಂದು ಭಾಗ ಬರುವಂತೆ ತೆಗೆಯಿರಿ. ಬೂದಿಯ ಕೆಳಗಿನ ಮಣ್ಣು ಕಾಣುತ್ತಿದ್ದರೆ ಆ ಗಡಿಗೆರೆಯಲ್ಲಿ ಬಟ್ಟಲಿನ ಹಾಗೆ ಕೆಳಗೆ ಒತ್ತಿದ, ಬೂದಿ ತುಂಬಿದ ತಗ್ಗುಗಳಿವೆಯೇ ನೋಡಿ. ಗೊರಸು ತುಳಿದ ನೆಲವನ್ನು ಅಡ್ಡಕ್ಕೆ ಕಡಿದರೆ ಹಾಗೆ ಕಾಣುತ್ತದೆ. ನೇರ ಇಳಿದ, ಕೈಯಗಲದ ಕಪ್ಪು ಕುಳಿಗಳು ಕಂಬದವು. ಗೆದ್ದಲು ಹುತ್ತದ ಕೊಳವೆಯೂ ಹೀಗೇ ಮೋಸ ಮಾಡುತ್ತದೆ, ಆದರೆ ಅದು ಓರೆಯಾಗಿ, ಕವಲೊಡೆದು ಹೋಗುತ್ತದೆ.

ಚಕ್ಕೆಕಲ್ಲು:
ಕಾನೂನಿನ ಮಾತು ಚಿಕ್ಕದಾಗಿ. ನೂರು ವರ್ಷ ದಾಟಿದ ಇಂಥ ವಸ್ತುವನ್ನು ಪರವಾನಗಿ ಇಲ್ಲದೆ ಮಾರುವ ವ್ಯಾಪಾರ, ದೇಶದಿಂದ ಹೊರಗೆ ಕಳಿಸುವುದು 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಅಪರಾಧ. ಆನ್‌ಲೈನಿನಲ್ಲಿ ಬೆಲೆ ಕೇಳಲೂಬೇಡಿ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ, ಜೊತೆಗೆ ತಹಶೀಲ್ದಾರರಿಗೆ, ಸರ್ವೆ ನಂಬರ್ ಹಾಕಿ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಳ್ಳಾರಿಯಲ್ಲೇ ಫೂಟ್ ಹೆಸರಿನ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯ ಇದೆ. ಅಲ್ಲಿಯ ಕೊಡಲಿಗಳ ಪಕ್ಕ ನಿಮ್ಮದರ ಫೋಟೊ ಹಿಡಿದು ನೋಡಿದರೆ ಯಾವ ಹಂತದ್ದು ಎಂದು ನಿಮಗೇ ತಿಳಿಯುತ್ತದೆ.

ಹಗರಿ ದಂಡೆ:
ಟ್ರ್ಯಾಕ್ಟರಿನವರ ಜೊತೆ ಮಾತಾಡಿ ಆಯಿತು, ಸೋಮವಾರದವರೆಗೆ ಬೂದಿ ತುಂಬುವುದಿಲ್ಲ ಎಂದಿದ್ದಾರೆ. ಬೆಳಿಗ್ಗೆ ಏಳಕ್ಕೆ ಗೋಡೆ ನೆರಳಲ್ಲಿರುತ್ತದೆ, ಪಟ್ಟಿ ಸಿಕ್ಕಿದೆ. ಕೊಡಲಿ ಸಿಕ್ಕ ಜಾಗಕ್ಕೆ ಗೂಟ ಹೊಡೆಯಬೇಕೆ?

ಬೂದಿಪದರ:
ಗೂಟ ಬೇಡ, ನೆಲಕ್ಕೆ ಏನನ್ನೂ ಇಳಿಸಬೇಡಿ. ಆ ಜಾಗದಲ್ಲಿ ನಿಂತು ಮೊಬೈಲಿನಲ್ಲಿ ಅಕ್ಷಾಂಶ-ರೇಖಾಂಶ ಬರೆದುಕೊಳ್ಳಿ, ಹೊಲದ ಎರಡು ಬದುಗಳಿಂದ ಟೇಪು ಹಿಡಿದು ದೂರ ಅಳೆಯಿರಿ. ಚೀಟಿಯಲ್ಲಿ ತಾರೀಖು, ಸರ್ವೆ ನಂಬರ್, ಎರಡೂ ಅಳತೆ, ಎಷ್ಟು ಆಳದಿಂದ ಬಂತು ಎಂಬುದನ್ನು ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಚೀಟಿಯನ್ನು ಕೊಡಲಿಯ ಜೊತೆ ಬಟ್ಟೆ ಚೀಲದಲ್ಲಿಡಿ, ಕಲ್ಲಿಗೆ ಅಂಟಿಸಬೇಡಿ. ಗೋಡೆಯ ಫೋಟೊ ಬಂದ ಕೂಡಲೇ ಇಲ್ಲಿ ಹಾಕಿ. ಅಕ್ಷಾಂಶ-ರೇಖಾಂಶ ಮಾತ್ರ ಇಲ್ಲಿ ಬೇಡ, ಅದು ಇಲಾಖೆಗೆ ಕೊಡುವ ಅರ್ಜಿಯಲ್ಲಿರಲಿ.